ಕೇಕಿನ ಮೇಲಿನ ಒತ್ತಕ್ಷರ

ಇವತ್ತು ಸ್ವಲ್ಪ ಬೇರೆ ವಿಷಯ. ಅಡುಗೆ ಅನ್ನಿ, ಅಕ್ಷರ ಅನ್ನಿ, ನಿಮಗೆ ಬಿಟ್ಟಿದ್ದು.

ಮುಂಬಯಿಗೆ ಬಂದು 30 ವರ್ಷ ದಾಟಿತು. ಡೊಂಬಿವಲಿಯ ನಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕೈದು ಕೇಕ್ ಆಗುತ್ತವೆ. ಎಲ್ಲದರ ಮೇಲೂ ಇಂಗ್ಲಿಷೇ. ಅದು ನನಗೆ ಯಾವತ್ತೂ ಚುಚ್ಚಿರಲಿಲ್ಲ, ಅವ್ವನ 74ನೇ ಹುಟ್ಟುಹಬ್ಬದವರೆಗೆ. ಧಾರವಾಡದಿಂದ ಬಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಚಾಕು ಹಿಡಿದುಕೊಂಡೇ ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದಳು, "ಏನ್ ಬರದಾರವಾ ಇದರ ಮ್ಯಾಲೆ?"

ನಾಲ್ಕನೇ ಇಯತ್ತೆ ಓದಿದವಳು. ದಿನಾ ಸಂಯುಕ್ತ ಕರ್ನಾಟಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ಅವಳ ಕೇಕು, ಅವಳಿಗೇ ಓದಲಿಕ್ಕೆ ಬರಲಿಲ್ಲ. ರಾಜ್ಯೋತ್ಸವದ ದಿನ ವೇದಿಕೆ ಮೇಲೆ ಕನ್ನಡ ಕನ್ನಡ ಅಂತ ಭಾಷಣ ಮಾಡುವ ನಾನು ಅವತ್ತು ಬಾಯಿ ಮುಚ್ಚಿಕೊಂಡು ಕೇಕ್ ತಿಂದೆ!

ಮುಂದಿನ ವರ್ಷ ಬೇಕರಿಯ ಹುಡುಗನಿಗೆ 'ಅವ್ವ ೭೫' ಅಂತ ಬರೆದು ವಾಟ್ಸಾಪ್ ಮಾಡಿದೆ. ಕೇಕ್ ಬಂತು ನೋಡಿ... ಅಕ್ಷರಗಳ ತಲೆ ಮೇಲೆ ಮರಾಠಿಯ ಹಾಗೆ ಉದ್ದಕ್ಕೆ ಒಂದು ಗೆರೆ. ಕೆಳಗಿನ ವತ್ತನ್ನು ಎಲೆ ಅಂದುಕೊಂಡನೋ ಏನೋ, ಪಕ್ಕದ ಗುಲಾಬಿ ಹೂವಿಗೆ ಅಂಟಿಸಿದ್ದ. ಪಾಪ, ಅವನನ್ನು ಬೈದು ಏನು ಪ್ರಯೋಜನ? ಗೊತ್ತಿಲ್ಲದ ಲಿಪಿಯನ್ನು ನಾವಾದರೂ ಹೀಗೇ ಬರೆಯುತ್ತಿದ್ದೆವು. ನನ್ನ ತಕರಾರು ನಮ್ಮವರ ಮೇಲೆ. "ಕನ್ನಡ ಬರೆಸೋದು ಕಷ್ಟ ಕಣ್ರೀ, ಇಂಗ್ಲಿಷಲ್ಲೇ ಹಾಕಿಸಿಬಿಡಿ" ಅನ್ನುತ್ತಾರಲ್ಲ, ಅವರ ಮೇಲೆ. ಅಷ್ಟೇನೂ ಕಷ್ಟವಿಲ್ಲ ಅಂತ ಅವತ್ತೇ ಗೊತ್ತಾಯಿತು.

ಸಂಜೆಗೆ ಇನ್ನೂ ನಾಲ್ಕು ತಾಸು ಇತ್ತು. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮೇಲಿನ ಬರಹ ಸವರಿ ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದಾಗಿ, ದಪ್ಪ ಅಕ್ಷರದಲ್ಲಿ ಹೊಡೆದು ಪ್ರಿಂಟ್ ತೆಗೆದು, ಅದರ ಮೇಲೆ ಬಟರ್ ಪೇಪರ್ ಇಟ್ಟೆ. ಕಾಂಪೌಂಡ್ ಚಾಕಲೇಟ್ ಕರಗಿಸಿ, ಬಟರ್ ಪೇಪರಿನದೇ ಕೋನ್ ಸುತ್ತಿ ತುಂಬಿ, ತುದಿಯನ್ನು ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಕತ್ತರಿಸಿ ತಿದ್ದುತ್ತಾ ಹೋದೆ. ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಅಕ್ಷರ ಎದ್ದು ಬರುತ್ತದೆ. ಎತ್ತಿ ಕೇಕಿನ ಮೇಲಿಟ್ಟರಾಯಿತು. ಕೆಟ್ಟರೆ ಮತ್ತೆ ಕರಗಿಸಿ ಬರೆಯಬಹುದು, ಕೇಕಿಗೆ ಏನೂ ಆಗುವುದಿಲ್ಲ. ಒಂದೇ ಎಚ್ಚರ: ನಮ್ಮ ವತ್ತು ಮೇಲಿನ ಅಕ್ಷರಕ್ಕೆ ಅಂಟಿರುವುದಿಲ್ಲ. ಎತ್ತುವಾಗ ಬೇರೆಯಾಗಿ ಬರುತ್ತದೆ. ಒಂದು ಚುಕ್ಕೆ ಚಾಕಲೇಟ್ ಇಟ್ಟು ಜೋಡಿಸಿಬಿಡಿ, ಇಲ್ಲವೇ ಬೇರೆಯಾಗೇ ಎತ್ತಿಡಿ.

ನೇರವಾಗಿ ಕೇಕಿನ ಮೇಲೇ ಬರೆಯುವ ಧೈರ್ಯ ಇದ್ದವರು ಕೇಕನ್ನು ಮೊದಲು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಿ. ಮುಂಬಯಿಯ ಸೆಕೆಗೆ ಕ್ರೀಮ್ ಕೈಯಲ್ಲೇ ಸಡಿಲಾಗುತ್ತದೆ. ದಾರ ಎಳೆದು ಹಿಡಿದು ಹಗುರಾಗಿ ಒತ್ತಿದರೆ ಸಾಲಿನ ಗುರುತು ಮೂಡುತ್ತದೆ. ಅಕ್ಷರ ಎಣಿಸಿ, ನಡುವಿನದನ್ನು ನಡುವಿಗೆ ಟೂತ್‌ಪಿಕ್ಕಿನಿಂದ ಗುರುತು ಮಾಡಿ. ಇಂಗ್ಲಿಷಿನ ಅಳತೆಯಲ್ಲಿ ಸಾಲು ಬಿಟ್ಟರೆ ನಮಗೆ ಸಾಲದು. 'ಹುಟ್ಟುಹಬ್ಬದ' ಅನ್ನುವಲ್ಲೇ ಎರಡು ಒತ್ತು ಕೆಳಗಿಳಿಯುತ್ತವೆ, ಅವಕ್ಕೆ ಜಾಗ ಬೇಡವೇ? ನನ್ನ ಕೇಳಿದರೆ ಅರ್ಧ ಕೇಜಿ ಕೇಕಿನ ಮೇಲೆ ಶುಭಾಶಯ ಗಿಬಾಶಯ ಬೇಡವೇ ಬೇಡ. ಹೆಸರೊಂದು ಸಾಕು. ಸಕ್ಕರೆ ಪುಡಿಯನ್ನು ಜರಡಿ ಹಿಡಿಯದಿದ್ದರೆ ನಾಜಲ್ ಕಟ್ಟಿಕೊಂಡು ಎಳೆ ತುಂಡಾಗುತ್ತದೆ, ಅದನ್ನೂ ನೆನಪಿಡಿ.

ಇನ್ನು ಕೈ. ನಾಜಲ್ಲನ್ನು ಕೇಕಿಗೆ ಒತ್ತಿ ಉಜ್ಜಬೇಡಿ. ಮುಟ್ಟಿಸಿ, ತುಸು ಮೇಲೆತ್ತಿ, ಎಳೆ ತಾನಾಗಿ ಬೀಳುವ ಹಾಗೆ ಬಿಡಿ. ಮುಗಿಸುವಾಗ ಮೊದಲು ಅದುಮುವುದನ್ನು ನಿಲ್ಲಿಸಿ, ಆಮೇಲೆ ಎತ್ತಿ. ಇಲ್ಲದಿದ್ದರೆ ಬಾಲ ಉಳಿಯುತ್ತದೆ. ಎಳೆ ರಂಗೋಲಿ ಬಿಟ್ಟ ಕೈಗೆ ಇದನ್ನು ಹೇಳಿಕೊಡಬೇಕೇ? ಗುಂಡಗಿನ ಕನ್ನಡ ಅಕ್ಷರ ಇಂಥ ಎಳೆಗೇ ಹೇಳಿ ಮಾಡಿಸಿದ್ದು. ಮೂಲೆ ಮೂಲೆಯ ಇಂಗ್ಲಿಷ್ ಅಕ್ಷರ ಬರೆಯುವಾಗಲೇ ನನ್ನ ಕೈ ತಡವರಿಸುತ್ತದೆ.

ಅವತ್ತು ಕೋನ್ ಹಿಡಿಯಲು ಸಹಾಯಕ್ಕೆ ಮಗನನ್ನು ಕೂರಿಸಿಕೊಂಡಿದ್ದೆ. ಇಂಗ್ಲಿಷ್ ಮೀಡಿಯಂ, ಕನ್ನಡ ಮಾತು ಬರುತ್ತದೆ, ಅಕ್ಷರ ಬರದು. ಅದು ನನ್ನದೇ ಸೋಮಾರಿತನ. ನಾಲ್ಕು ಸಲ ತಿದ್ದಿದ ಮೇಲೆ 'ಅವ್ವ' ಅವನಿಗೆ ಬಂತು.

ಸಂಜೆ ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಯಾರ್ ಬರದದ್ದು? ವತ್ತು ಸ್ವಲ್ಪ ಸೊಟ್ಟ ಆಗೇತಿ" ಅಂದಳು. ಆದರೆ ಆ ಭಾಗಕ್ಕೆ ಚಾಕು ಹಾಕಲು ಬಿಡಲೇ ಇಲ್ಲ. ಸುತ್ತಲಿನ ಕೇಕನ್ನಷ್ಟೇ ಹಂಚಿದೆವು.