ಸಾಬೀತಿನ ಹೊರೆ ಬಡವನ ತಲೆಗೇ?

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ. 1920, 1939, 1946 ಮತ್ತು 2000ದ ನಾಲ್ಕು ಕಾಯಿದೆಗಳನ್ನು ತೆಗೆದು ಒಂದು ಮಾಡಿದೆವೆಂದು ದಿಲ್ಲಿ ಸರಕಾರ ಬೆನ್ನು ತಟ್ಟಿಕೊಳ್ಳುತ್ತಿದೆ. ಆದರೆ 1946ರಲ್ಲಿ ಬ್ರಿಟಿಷರ ಆಳಿಕೆ ನೆಟ್ಟ ಮುಳ್ಳನ್ನು ಕೀಳಲಿಲ್ಲ. 'ನೀನು ಪರದೇಶಿ' ಎಂದು ಸರಕಾರ ಬೆರಳು ತೋರಿಸಿದರೆ ಸಾಕು, ಅಲ್ಲವೆಂದು ಸಾಬೀತು ಮಾಡುವ ಹೊರೆ ನಿನ್ನದೇ! ಕಳವಿನ ಆರೋಪವನ್ನಾದರೂ ಪೋಲೀಸರೇ ರುಜುಪಡಿಸಬೇಕು. ಇಲ್ಲಿ ಆ ನ್ಯಾಯವೂ ಇಲ್ಲ. ಮೇಲಾಗಿ, ಹೆಡ್ ಕಾನ್‌ಸ್ಟೇಬಲ್ ದರ್ಜೆಯವನೇ ವಾರಂಟಿಲ್ಲದೆ ಹಿಡಿಯಬಹುದು.

ಗಡಿಯಾಚೆಯವರ ಮಾತು ದುಂಡಸಿಯವರಿಗೇಕೆ ಎನ್ನುವಿರಾ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಎಂಬ ಕೂಗೆಬ್ಬಿಸಿ ಕೂಲಿಕಾರರ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಅಸ್ಸಾಂ, ತ್ರಿಪುರದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಕನ್ನಡಿಗನ ಜೋಪಡಿಯೂ ನೆಲ ಕಂಡಿತು. ಪೋಲೀಸರ ಕ್ರಮ ಕಾನೂನುಬಾಹಿರವೆಂದು ಹೈಕೋರ್ಟು ಹೇಳುವ ಹೊತ್ತಿಗೆ ಸಂಸಾರಗಳು ಬೀದಿಗೆ ಬಿದ್ದಿದ್ದವು.

2025ರ ಜೂನಿನಲ್ಲಿ ದಿಲ್ಲಿಯಲ್ಲಿ ಹಿಡಿದ ಬಂಗಾಲದ ಬಡ ಸಂಸಾರಗಳನ್ನು ಬಾಂಗ್ಲಾದೇಶಕ್ಕೆ ದಬ್ಬಿದರು. ಅವರಲ್ಲೊಬ್ಬಳು ಗರ್ಭಿಣಿ. ಸೆಪ್ಟೆಂಬರ್ 26ರಂದು ಕಲಕತ್ತೆಯ ಹೈಕೋರ್ಟು ಆ ಆಜ್ಞೆಯನ್ನು ರದ್ದುಮಾಡಿ ಅವರನ್ನು ಕರೆತರಲು ಹೇಳಿತು. ಆ ತಾಯಿ ಮರಳಿದ್ದು ಡಿಸೆಂಬರಿನಲ್ಲಿ, ಅದೂ ಸುಪ್ರೀಂ ಕೋರ್ಟಿನವರೆಗೆ ಜಗ್ಗಾಡಿದ ಮೇಲೆ.

ಕಾಗದವಿದ್ದರೆ ಭಯವೇಕೆ ಎನ್ನುತ್ತಾರೆ. ಯಾವ ಕಾಗದ? ಆಧಾರ, ಪ್ಯಾನ್, ಮತದಾರರ ಚೀಟಿ ಇದ್ದ ಮಾತ್ರಕ್ಕೆ ಪೌರನಾಗುವುದಿಲ್ಲವೆಂದು 2025ರ ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಹೇಳಿದೆ. ಗಿರಣಿಯ ಆಳಿನ ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚಿನದೇನಿದೆ? ಅಪ್ಪ ಹುಟ್ಟಿದ ದಿನದ ದಾಖಲೆ ಎಷ್ಟು ಮನೆಗಳಲ್ಲಿದೆ?

ವ್ಯಾಪಾರಿ ಬಾಂಧವರೂ ಇದರಿಂದ ಹೊರತಲ್ಲ. ವಸತಿಗೃಹ ನಡೆಸುವವನು ತಂಗಿದ ವಿದೇಶೀಯನ ವರದಿ ಕೊಡಲೇಬೇಕು. ತಪ್ಪಿದರೆ ಶಿಕ್ಷೆ ಅವನಿಗೆ. ಸರಕಾರದ ಬೇಹುಗಾರಿಕೆಯ ಕೆಲಸ, ಸಂಬಳವಿಲ್ಲದೆ!

ದೇಶದ ಗಡಿ ಕಾಯಬಾರದೆಂದು ನಾವು ಹೇಳುವುದಿಲ್ಲ. ಕಳ್ಳ ದಾಖಲೆ ಮಾರುವ ದಲಾಲಿಗಳನ್ನೂ ಅಗ್ಗದ ಕೂಲಿಗಾಗಿ ಅವರನ್ನು ಸಾಕುವ ಗುತ್ತಿಗೆದಾರರನ್ನೂ ಹಿಡಿಯಲಿ. ಆದರೆ ಹಿಡಿಯುವುದು ಕೂಲಿಯನ್ನು, ಬಿಡುವುದು ಧಣಿಯನ್ನು ಎಂಬ ನೀತಿಯನ್ನು ನಾವು ಒಪ್ಪೆವು.

ಕೈಯಲ್ಲಿ ಆಧಾರವಿಲ್ಲದೆ ಬರೀ ಸಂಶಯದಿಂದ ಯಾರನ್ನೂ ವಿದೇಶೀಯರೆನ್ನಬಾರದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅಸ್ಸಾಮಿನ ಪ್ರಕರಣದಲ್ಲಿ ಹೇಳಿದೆ. ಅದನ್ನೇ ಕಾಯಿದೆಯಲ್ಲಿ ಬರೆಯಿರಿ. ಮೊದಲು ಪುರಾವೆ, ಆಮೇಲೆ ನೋಟೀಸು. ವಕೀಲನ ನೆರವಿನಿಂದ ವಿಚಾರಣೆ ಮುಗಿಯುವವರೆಗೆ ಯಾರನ್ನೂ ಗಡಿ ದಾಟಿಸಕೂಡದು. ಇದು ನಮ್ಮ ಹಕ್ಕೊತ್ತಾಯ.

ಶಿಗ್ಗಾವಿ, ಸವಣೂರು, ಹಾನಗಲ್ಲಿನ ದುಡಿಯುವ ಜನರೇ, ಊರೂರಿನಲ್ಲಿ ಸಭೆ ಸೇರಿ ಠರಾವು ಮಾಡಿರಿ, ಲೋಕಸಭಾ ಸದಸ್ಯರಿಗೆ ಕಳಿಸಿರಿ. ಹೊಟ್ಟೆಪಾಡಿಗೆ ಊರು ಬಿಟ್ಟವನು ತನ್ನ ದೇಶದಲ್ಲೇ ಪರದೇಶಿಯಾಗಬಾರದು.