ಕಡ್ಡಿ ತುಂಬಿದೆ, ಕರೆ ಹೋಗುತ್ತಿಲ್ಲ

ಕಳೆದ ರಾಜ್ಯೋತ್ಸವದ ಸಂಜೆ ಅಲ್ ಖುವೈರ್‌ನ ಸಭಾಂಗಣದಲ್ಲಿ ಮಕ್ಕಳ ನೃತ್ಯ ಶುರುವಾದದ್ದೇ ತಡ, ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಮೊಬೈಲುಗಳು ಮೇಲೆದ್ದವು. ಲೈವ್ ಹಾಕುವವರು, ಊರಿಗೆ ವಿಡಿಯೊ ಕಳಿಸುವವರು, ಸ್ಟೇಟಸ್ ಬದಲಿಸುವವರು. ಅದೇ ಹೊತ್ತಿಗೆ ಹಿಂಬಾಗಿಲ ಬಳಿ ನಮ್ಮ ಹಿರಿಯ ಸದಸ್ಯರೊಬ್ಬರು ಶಿರಸಿಗೆ ಕರೆ ಮಾಡಲು ಒದ್ದಾಡುತ್ತಿದ್ದರು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಮಧ್ಯಾಹ್ನ ಬಂದಿತ್ತು. "ನಾಲ್ಕು ಕಡ್ಡಿ ತೋರಿಸ್ತಾ ಇದೆ ಮಾರಾಯ್ರೇ, ಲೈನೇ ಸಿಗ್ತಾ ಇಲ್ಲ" ಎನ್ನುತ್ತ ಮೂರ್ನಾಲ್ಕು ಸಲ ಹೊರಗೆ ಹೋಗಿ ಬಂದರು. ಕೊನೆಗೆ ಊಟದ ಉಸ್ತುವಾರಿಯಲ್ಲಿದ್ದ ಹುಡುಗನೊಬ್ಬ ತನ್ನ ಫೋನ್ ಕೊಟ್ಟ. ಒಂದೇ ಸಲಕ್ಕೆ ಕರೆ ಹೋಯಿತು. ತಾಯಿ ಈಗ ಹುಷಾರಾಗಿದ್ದಾರೆ.

ಒಂದೇ ಸಭಾಂಗಣ, ಒಂದೇ ಕಂಪನಿಯ ಸಿಮ್. ಒಬ್ಬರಿಗೆ ಸಿಗದ ಲೈನ್ ಇನ್ನೊಬ್ಬರಿಗೆ ಸಿಕ್ಕಿದ್ದು ಹೇಗೆ? ಕುರ್ಚಿ ಜೋಡಿಸುತ್ತ ಅಂದು ರಾತ್ರಿ ನಾವು ಇದನ್ನೇ ಮಾತಾಡಿದೆವು. ನಮ್ಮಲ್ಲಿ ಟೆಲಿಕಾಂ ಕೆಲಸದವರೂ ಇದ್ದಾರೆ. ಅವರನ್ನು ಕೇಳಿ ತಿಳಿದದ್ದನ್ನೂ, ಅದರಿಂದ ನಮಗೆ ಅನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಆ ಕಡ್ಡಿಗಳನ್ನು ನಾವು ತಪ್ಪಾಗಿ ಓದುತ್ತೇವೆ. ಟವರಿನ ದನಿ ನಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಆ ಟವರಿನಲ್ಲಿ ನಮಗೆ ಜಾಗ ಉಂಟೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ದೇವಸ್ಥಾನದ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಸಾರಿನ ಬಕೆಟ್ ಹಿಡಿದವರು ಕಣ್ಣೆದುರೇ ಇದ್ದಾರೆ, ಅವರ ದನಿಯೂ ಕೇಳುತ್ತಿದೆ. ಆದರೆ ಇನ್ನೂರು ಎಲೆಗೆ ಒಬ್ಬರೇ ಬಡಿಸುವವರಾದರೆ ನಮ್ಮ ಎಲೆಗೆ ಸಾರು ಬರುವಷ್ಟರಲ್ಲಿ ಅನ್ನ ಆರಿರುತ್ತದೆ. ತರಂಗಾಂತರ ಎಂಬುದು ಆ ಬಕೆಟ್. ಒಂದು ಟವರಿನ ಸುತ್ತ ಇರುವವರೆಲ್ಲ ಅದನ್ನೇ ಹಂಚಿಕೊಂಡು ಉಣ್ಣಬೇಕು. ಒಂದು ಬಕೆಟ್ಟಿನಲ್ಲಿ ಎಷ್ಟು ಮಾಹಿತಿ ಹಿಡಿಯುತ್ತದೆ ಎಂಬುದಕ್ಕೆ ಗಣಿತದ ಮಿತಿಯಿದೆ ಎಂದು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲೇ ತೋರಿಸಿಕೊಟ್ಟರು. ಯಾವ ಕಂಪನಿಯ ಜಾಹೀರಾತೂ ಆ ಮಿತಿಯನ್ನು ದಾಟಲಾರದು.

ಹಾಗಾದರೆ ಇಷ್ಟು ವರ್ಷಗಳಲ್ಲಿ ಸಾಮರ್ಥ್ಯ ಹೆಚ್ಚಿದ್ದು ಹೇಗೆ? ಹೊಸ ತರಂಗಾಂತರ ಸಿಕ್ಕಿದ್ದು ಒಂದು ಕಾರಣ ಮಾತ್ರ. ಅತಿ ದೊಡ್ಡ ಪಾಲು ಟವರುಗಳನ್ನು ಹತ್ತಿರ ಹತ್ತಿರ ಹಾಕಿ, ಅದೇ ತರಂಗಾಂತರವನ್ನು ಮತ್ತೆ ಮತ್ತೆ ಬಳಸಿದ್ದರಿಂದ ಬಂದದ್ದು ಎಂದು, 1973ರಲ್ಲಿ ಕೈಯಲ್ಲಿ ಹಿಡಿಯುವ ಸೆಲ್‌ಫೋನಿನಿಂದ ಮೊದಲ ಕರೆ ಮಾಡಿದ ಮಾರ್ಟಿನ್ ಕೂಪರ್ ಲೆಕ್ಕ ಹಾಕಿದ್ದಾರೆ. ಬಡಿಸುವವರನ್ನು ಹೆಚ್ಚಿಸಿ ಪಂಕ್ತಿಯನ್ನು ತುಂಡು ಮಾಡಿದಂತೆ. ಇನ್ನೊಂದು ಉಪಾಯ ಟವರಿನಲ್ಲೂ ಫೋನಿನಲ್ಲೂ ಹಲವು ಆಂಟೆನಾ ಇಟ್ಟು, ಒಂದೇ ತರಂಗಾಂತರದಲ್ಲಿ ಏಕಕಾಲಕ್ಕೆ ಹಲವು ಧಾರೆಗಳನ್ನು ಕಳಿಸುವುದು. 'ಮೈಮೋ' ಎಂಬ ಈ ತಂತ್ರಕ್ಕೆ 1992ರಲ್ಲಿ ಪೇಟೆಂಟ್ ಅರ್ಜಿ ಹಾಕಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿದ್ದವರು, ಬೆಂಗಳೂರಿನ ಸಿಎಐಆರ್ ಪ್ರಯೋಗಾಲಯದ ಮೊದಲ ನಿರ್ದೇಶಕರು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಅದೇ ವರ್ಷ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಚೊಕ್ಕಲಿಂಗಂ ಮತ್ತು ಸುಂದರ್ ರಾಜನ್ ಹತ್ತಾರು ಆಂಟೆನಾಗಳ ವ್ಯವಸ್ಥೆಯ ಬಗ್ಗೆ ಬರೆದ ಪುಸ್ತಕವೂ ಹೊರಬಂತು. ಇಂದಿನ 5ಜಿ ನಿಂತಿರುವುದು ಈ ದಾರಿಯ ಮೇಲೆಯೇ. ನಮ್ಮ ಮಕ್ಕಳಿಗೆ ಕ್ರಿಕೆಟಿಗರ ಹೆಸರಿನ ಜೊತೆ ಇಂಥ ಹೆಸರುಗಳೂ ಗೊತ್ತಿದ್ದರೆ ಚೆಂದ.

ಮೂರನೆಯ ದಾರಿ ಹಳೆಯದನ್ನು ಮುಚ್ಚುವುದು. ಒಮಾನಿನಲ್ಲಿ 2024ರಿಂದ 3ಜಿ ಸೇವೆಯನ್ನು ಹಂತಹಂತವಾಗಿ ನಿಲ್ಲಿಸುವ ಕೆಲಸ ಶುರುವಾಯಿತು. ಊರಲ್ಲಿ ಏರ್‌ಟೆಲ್ 2020ರ ಹೊತ್ತಿಗೇ 3ಜಿ ನಿಲ್ಲಿಸಿತ್ತು. 2016ರಲ್ಲಿ ಬಂದ ಜಿಯೊಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. 3ಜಿ ಆಕ್ರಮಿಸಿದ್ದ ತರಂಗಾಂತರವನ್ನೇ 4ಜಿ, 5ಜಿಗೆ ಕೊಟ್ಟರೆ ಅಷ್ಟೇ ಜಾಗದಲ್ಲಿ ಹಲವು ಪಟ್ಟು ಹೆಚ್ಚು ಮಾಹಿತಿ ಸಾಗುತ್ತದೆ. ಇದು ಸರಿಯಾದ ನಿರ್ಧಾರ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆದರೆ ನಮ್ಮ ಹಿರಿಯರ ಕರೆ ಸಿಕ್ಕಿಹಾಕಿಕೊಂಡದ್ದು ಬಹುಶಃ ಇಲ್ಲೇ. ಅವರದು ಎಂಟು ವರ್ಷದ ಹಳೆಯ ಫೋನ್. ಇಂಟರ್‌ನೆಟ್ ಮಟ್ಟಿಗೆ ಅದು 4ಜಿ, ಮಾತಿಗೆ ಮಾತ್ರ ಅಲ್ಲ. 4ಜಿಯಲ್ಲೇ ಮಾತಾಡಲು ಬೇಕಾದ ವೋಲ್ಟಿ ಸೌಲಭ್ಯ ಅದರಲ್ಲಿ ಇಲ್ಲ. ಕರೆ ಮಾಡುವಾಗ ಅದು ಮೊದಲು 3ಜಿಗೆ ಇಳಿಯುತ್ತಿತ್ತು, ಈಗ 2ಜಿಗೆ ಇಳಿಯಬೇಕು. 2ಜಿಯ ಒಂದು ವಾಹಕ ತರಂಗದಲ್ಲಿ ಇರುವುದು ಎಂಟೇ ಸರದಿ. ಆ ಹುಡುಗನ ಫೋನಿನಲ್ಲಿ ವೋಲ್ಟಿ ಇತ್ತು. ಹಾಗೆ ಹೋಗುವ ಮಾತಿಗೆ ಡೇಟಾ ಸಂದಣಿಯ ನಡುವೆಯೂ ನೆಟ್‌ವರ್ಕ್ ಮೊದಲ ಮಣೆ ಹಾಕುತ್ತದೆ.

ನಮ್ಮ ನಡುವೆ ಇಂಥ ಫೋನ್ ಯಾರ ಕೈಯಲ್ಲಿದೆ ಎಂದು ನೋಡಿದರೆ ಬೇಸರವಾಗುತ್ತದೆ. ಕಟ್ಟಡ ಕೆಲಸದವರು, ಕೆಫೆಟೇರಿಯಾದಲ್ಲಿ ದುಡಿಯುವವರು, ಮನೆಗೆಲಸದ ಅಕ್ಕಂದಿರು, ಮತ್ತು ಊರಲ್ಲಿರುವ ನಮ್ಮ ಅಪ್ಪ ಅಮ್ಮ. ರಜೆಗೆ ಹೋಗುವಾಗ ನಾವು ಅಣ್ಣನ ಮಗನಿಗೆ ಹೊಚ್ಚ ಹೊಸ 5ಜಿ ಫೋನ್ ಒಯ್ಯುತ್ತೇವೆ, ನಾವು ಬಳಸಿ ಬಿಟ್ಟದ್ದನ್ನು ಅಮ್ಮನಿಗೆ ಕೊಡುತ್ತೇವೆ. ಆಮೇಲೆ "ಅಮ್ಮ, ನಿಮಗೆ ಫೋನೇ ಸಿಗೋದಿಲ್ಲ" ಎಂದು ಅವರನ್ನೇ ಗದರುತ್ತೇವೆ.

ಊರಿನ ನೆಟ್‌ವರ್ಕ್ ಪಾಡು ನಮಗೆ ಹೊಸದಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸಿಗ್ನಲ್ ಹುಡುಕಿಕೊಂಡು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ: ಆ ಚಿತ್ರವನ್ನು ನಾವೆಲ್ಲ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದೆವು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತ ಇಲ್ಲ' ಎಂಬ ಕೂಗು ಎದ್ದದ್ದೂ ಅದೇ ಆಸುಪಾಸಿನಲ್ಲಿ. ಮುಂದಿನ ವರ್ಷ, 2022ರಲ್ಲಿ, 4ಜಿ ಇಲ್ಲದ 24,680 ಹಳ್ಳಿಗಳಿಗೆ ಅದನ್ನು ಒಯ್ಯುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ಗುಡ್ಡದ ತುದಿಗೆ ಟವರ್ ಬಂದರೂ ಅಮ್ಮನ ಕೈಯಲ್ಲಿ 2ಜಿ ಕೀಪ್ಯಾಡ್ ಫೋನೇ ಉಳಿದರೆ ಆ 4ಜಿ ಅವರ ಪಾಲಿಗೆ ಬರಲೇ ಇಲ್ಲ ಎಂದಾಯಿತು.

ಇದು ಬರೀ ಅನುಕಂಪದ ಮಾತಲ್ಲ, ಲೆಕ್ಕದ ಮಾತೂ ಹೌದು. ಪಂಕ್ತಿಯ ತುದಿಯಲ್ಲಿ, ಕಂಬದ ಮರೆಯಲ್ಲಿ ಕೂತವರಿಗೆ ಬಡಿಸಲು ಹೆಚ್ಚು ಹೊತ್ತು ಹಿಡಿಯುತ್ತದಲ್ಲವೇ? ದುರ್ಬಲ ಸಿಗ್ನಲ್ಲಿನ ಫೋನಿಗೆ ಟವರು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ. ಅಷ್ಟೇ ಮಾಹಿತಿಗೆ ಹೆಚ್ಚು ಸಮಯ, ಹೆಚ್ಚು ತರಂಗಾಂತರ. ಹಾಗಾಗಿ ಕೊನೆಯ ಎಲೆಯವರಿಗೆ ಸರಿಯಾದ ಫೋನ್ ಸಿಕ್ಕರೆ ಮೊದಲ ಎಲೆಯವರಿಗೂ ಬೇಗ ಬರುತ್ತದೆ. ನಮಗೆ ಈ ವಿಷಯದಲ್ಲಿ ಅತಿ ಮುಖ್ಯ ಎನಿಸಿದ್ದು ಇದೇ.

ನಮ್ಮ ಮನೆಗಳ ವೈಫೈ ಕಥೆಯೂ ಹೀಗೆಯೇ. ಅಲ್ ಖುವೈರ್‌ನ ಒಂದು ಕಟ್ಟಡದಲ್ಲಿ ಇಪ್ಪತ್ತು ಫ್ಲಾಟ್ ಇದ್ದರೆ ಇಪ್ಪತ್ತು ರೂಟರ್. ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ: 1, 6, 11. ಎಲ್ಲರೂ ಅಲ್ಲೇ ಕೂತು ಒಬ್ಬರ ಮೇಲೊಬ್ಬರು ಕೂಗುತ್ತೇವೆ, ಆಮೇಲೆ ದುಬಾರಿ ಪ್ಲಾನ್ ಹಾಕಿಸಿಕೊಳ್ಳುತ್ತೇವೆ. ಟಿವಿಯನ್ನೂ ಲ್ಯಾಪ್‌ಟಾಪನ್ನೂ 5 ಗಿಗಾಹರ್ಟ್ಸ್‌ಗೆ ಹಾಕಿದರೆ ಖರ್ಚಿಲ್ಲದೆ ಅರ್ಧ ಜಗಳ ಮುಗಿಯುತ್ತದೆ. ಹಾಗೆಯೇ ಒಂದು ಮಾತಿನ ಕರೆಗೆ ಸೆಕೆಂಡಿಗೆ ಸುಮಾರು 24 ಕಿಲೋಬಿಟ್ ಸಾಕು. ಸ್ಪಷ್ಟ ವಿಡಿಯೊಗೆ ಒಂದು ಮೆಗಾಬಿಟ್ಟಿಗೂ ಹೆಚ್ಚು ಬೇಕು, ಎಂದರೆ ನಲವತ್ತು ಪಟ್ಟು. ನೃತ್ಯದ ವಿಡಿಯೊವನ್ನು ಮನೆಗೆ ಹೋಗಿ ವೈಫೈಯಲ್ಲಿ ಕಳಿಸಿದರೂ ಅಜ್ಜಿ ಅಷ್ಟೇ ಖುಷಿಪಡುತ್ತಾರೆ.

ಟವರಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಫ್ಲಾಟ್ ಕೊಂಡ ನಮ್ಮವರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಸಿಗ್ನಲ್ ಇಲ್ಲವೆಂದು ದೂರುತ್ತಾರೆ, ಸಂಜೆ ತಮ್ಮ ಬಡಾವಣೆಯಲ್ಲಿ ಟವರ್ ಬೇಡವೆಂಬ ಮನವಿಗೆ ಸಹಿ ಕೇಳುತ್ತಾರೆ. ಟವರ್ ಹತ್ತಿರವಿದ್ದಷ್ಟೂ ಕಿವಿಗೆ ಒತ್ತಿ ಹಿಡಿದ ಫೋನ್ ತನ್ನ ಶಕ್ತಿಯನ್ನು ತಗ್ಗಿಸುತ್ತದೆ, ದೂರವಾದಷ್ಟೂ ಹೆಚ್ಚಿಸುತ್ತದೆ. ವಿಕಿರಣದ ಮಿತಿ ಪಾಲಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ಟವರ್ ಪಕ್ಕದ ಬೀದಿಯಲ್ಲಿರಲಿ, ಸಿಗ್ನಲ್ ನಮ್ಮ ಮನೆಯಲ್ಲಿರಲಿ ಎಂಬ ವಾದ ನಮಗೆ ಒಪ್ಪಿಗೆಯಿಲ್ಲ.

ಎಲ್ಲರೂ ಹೊಸ ಫೋನ್ ಕೊಳ್ಳಿ ಎಂದರೆ ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ವೋಲ್ಟಿ ಇರುವ 4ಜಿ ಕೀಪ್ಯಾಡ್ ಫೋನಿಗೆ ದೊಡ್ಡ ಮೊತ್ತ ಬೇಕಿಲ್ಲ. ಜಿಯೊ 2023ರಲ್ಲಿ ತಂದ ಒಂದು ಫೋನಿನ ಬೆಲೆ 999 ರೂಪಾಯಿ, ಅದರಲ್ಲಿ ಜಿಯೊ ಸಿಮ್ ಮಾತ್ರ ನಡೆಯುತ್ತದೆ ಎಂಬುದು ಬೇರೆ ಮಾತು. ಇನ್ನು ಕೆಲವರ ಫೋನಿನಲ್ಲಿ ವೋಲ್ಟಿ ಇದ್ದೂ ಸೆಟ್ಟಿಂಗಿನಲ್ಲಿ ಆಫ್ ಆಗಿರುತ್ತದೆ. ಅದನ್ನು ಸರಿ ಮಾಡಲು ಬೇಕಾದದ್ದು ಎರಡು ನಿಮಿಷ.

ನಮ್ಮ ಪ್ರತಿ ಕಾರ್ಯಕ್ರಮದಲ್ಲೂ ಲಕ್ಕಿ ಡ್ರಾ ಇರುತ್ತದೆ, ಮೊದಲ ಬಹುಮಾನ ಹೆಚ್ಚಾಗಿ ಅತಿ ದುಬಾರಿ ಮೊಬೈಲ್, ಅದು ಹೋಗುವುದೂ ಆಗಲೇ ಎರಡು ಮೊಬೈಲ್ ಇರುವವರ ಕೈಗೆ. ಮುಂದಿನ ಯುಗಾದಿಗೆ ಅದೇ ಹಣದಲ್ಲಿ ಹತ್ತಿಪ್ಪತ್ತು ಸಾಧಾರಣ 4ಜಿ ಫೋನ್ ತಂದು ಬೇಕಾದವರಿಗೆ ಕೊಡೋಣ ಎಂದು ಕಾರ್ಯಕಾರಿ ಸಮಿತಿಯ ಮುಂದೆ ಪ್ರಸ್ತಾಪ ಇಟ್ಟಿದ್ದೇವೆ. ಪ್ರಾಯೋಜಕರು ಒಪ್ಪಲಿಕ್ಕಿಲ್ಲ ಎಂದು ಕೆಲವರು ಈಗಲೇ ಹೇಳುತ್ತಿದ್ದಾರೆ. ಒಪ್ಪಿದರೂ ಬಿಟ್ಟರೂ ಅಂದು ಸಭಾಂಗಣದ ಬಾಗಿಲಲ್ಲಿ, ಪಾನಕದ ಮೇಜಿನ ಪಕ್ಕ ಇನ್ನೊಂದು ಮೇಜು ಇರುತ್ತದೆ. ನಮ್ಮ ಟೆಲಿಕಾಂ ಗೆಳೆಯರು ಇಬ್ಬರು ಅಲ್ಲಿ ಕೂತು ಬಂದವರ ಫೋನಿನಲ್ಲಿ ವೋಲ್ಟಿ ನೋಡಿ ಕೊಡುತ್ತಾರೆ. ನಿಮ್ಮ ಕಟ್ಟಡದ ಕಾವಲುಗಾರರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಊಟ ಎಲ್ಲರಿಗೂ ಇದೆ.