ಪೇಟಿ ಷೋಕೇಸಿಗಲ್ಲ

ನಮ್ಮ ಬದಿಯ ಹಳೇ ಪೇಟಿಗಳು ಒಂದೊಂದಾಗಿ ಗೋವೆ ದಾರಿ ಹಿಡೀತಾ ಇವೆ. ಬಾರಿಸೂಕಲ್ಲ, ಹೋಟೆಲಿನ ಬಾಗಿಲಲ್ಲಿ ಚೆಂದಕ್ಕೆ ಇಡೂಕೆ. ಈ ವರ್ಷ ನಂಗೆ ಗೊತ್ತಿದ್ದೇ ಎರಡು ಹೋದವು, ಅಂಕೋಲೆದೊಂದು, ಕಾರವಾರ ಕೋಡಿಬಾಗದ ಬದಿದೊಂದು. ಮೂರನೇದು ಕಾರವಾರದಲ್ಲಿ ನಮ್ಮ ಅತ್ತಿಗೆ ಮನೇಲಿ ಇದೆ. ಅದನ್ನು ನೋಡೂಕೂ ಗಿರಾಕಿ ಬಂದು ಹೋಗಿದ್ದಾನೆ. ಹಂಗಾಗಿ ಇವತ್ತು ಅಡಿಗೆ ಮಾತು ಬಿಟ್ಟು ಪೇಟಿ ಮಾತು ಬರಿತೆ. ಇಶಾಡ ಮಾವಿನ ಹಣ್ಣಿನ ಸಾಸಿವೆ ಕೇಳಿದವ್ರು ಒಂದು ವಾರ ತಡೀರಿ, ಹಣ್ಣು ಎಲ್ಲೂ ಓಡೂದಿಲ್ಲ. ಪೇಟಿ ಓಡ್ತದೆ.

ಬೇರೆ ಊರಿಂದ ಸೊಸೆಯಾಗಿ ಬಂದವ್ರಿಗೆ ಒಂದು ಮಾತು: ನಮ್ಮಲ್ಲಿ ಪೇಟಿ ಅಂದ್ರೆ ಹಾರ್ಮೋನಿಯಂ. ಹೊರಗಿನ ಸಾಗವಾನಿ ಮರ, ಹಿತ್ತಾಳೆ ಮೂಲೆಕಟ್ಟು, ಹೂಬಳ್ಳಿ ಕೆತ್ತನೆ ನೋಡಿ ಎಲ್ಲರೂ "ಎಷ್ಟು ಚೆಂದ" ಅಂತಾರೆ. ಆದ್ರೆ ಜೀವ ಇರೂದು ಒಳಗೆ. ಮುಚ್ಚಳ ತೆಗೆದು ಪಟ್ಟಿಗಳ ಹಲಗೆ ಎತ್ತಿದ್ರೆ ಸಾಲಾಗಿ ಹಿತ್ತಾಳೆ ರೀಡುಗಳು ಕಾಣ್ತವೆ. ಒಂದೊಂದು ರೀಡಿಗೂ ಒಂದೊಂದು ಸಣ್ಣ ನಾಲಗೆ. ಗಾಳಿ ತಾಗಿದ್ರೆ ಆ ನಾಲಗೆ ನಡುಗ್ತದೆ, ಅದೇ ಸ್ವರ. ಉದ್ದ ನಾಲಗೆಗೆ ದಪ್ಪ ಸ್ವರ, ಗಿಡ್ಡದಕ್ಕೆ ಸಣ್ಣ ಸ್ವರ. ಸಾಲುಗಳಿಗೆ ಖರ್ಜ, ನರ, ಮಾದಿ ಅಂತ ಹೆಸ್ರು. ನಮ್ಮ ಭಜನೆ ಮಂಡಳಿಯಲ್ಲಿ ನರ ಮಾದಿ ಮಾತು ಬಂದ್ರೆ ಹತ್ತು ನಿಮಿಷ ನಗೂದಕ್ಕೇ ಹೋಗ್ತದೆ, ಅದು ಬೇರೆ.

ಈ ವಾದ್ಯ ಹುಟ್ಟಿದ್ದು ನಮ್ಮಲ್ಲಲ್ಲ. ಪ್ಯಾರಿಸ್ಸಿನ ದೆಬೇಂ ಅನ್ನುವವ 1840ರಲ್ಲಿ ಪೇಟೆಂಟ್ ತಕಂಡಿದ್ದು. ಅದು ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳಿಯೂ ಪೇಟಿ. ನಾವು ಚಾಪೆ ಮೇಲೆ ಕೂರೂ ಜನ, ಅದಕ್ಕೆ ಕೊಲ್ಕತ್ತೆಯವ್ರು ಹಿಂದೆ ಕೈಭಾತೆ ಇಟ್ಟು ಗಿಡ್ಡ ಮಾಡಿದ್ರು. ಪೆಟ್ಟಿಗೆ ಇಲ್ಲೇ ಆದ್ರೂ ಒಳಗಿನ ರೀಡು ಬಹಳ ಕಾಲ ಪ್ಯಾರಿಸ್ಸಿಂದ, ಜರ್ಮನಿಯಿಂದ ಹಡಗಲ್ಲಿ ಬರ್ತಿತ್ತು. ಆಮೇಲೆ ಗುಜರಾತದ ಪಾಲಿತಾಣದಂಥ ಊರಲ್ಲಿ ರೀಡು ಮಾಡೂಕೆ ಸುರುವಾಯ್ತು. ಪಾಲಿತಾಣದ್ದು ಕೆಟ್ಟದ್ದು ಅಂತ ನಾ ಹೇಳೂದಿಲ್ಲ, ಒಳ್ಳೇ ಕೈಯಲ್ಲಿ ಆದದ್ದು ಒಳ್ಳೇದೇ. ಆದ್ರೆ ಹಳೇ ಜರ್ಮನ್ ರೀಡಿನ ಪೇಟಿ ಒಂದ್ಸಲ ಕೇಳಿದವ್ರಿಗೆ ಗೊತ್ತು. ಮೆಲ್ಲ ಗಾಳಿ ಹಾಕಿದ್ರೂ ಸ್ವರ ತಟ್ಟನೆ ಬಾಯಿ ಬಿಡ್ತದೆ. ಕಿವಿಗೆ ಚುಚ್ಚೂದಿಲ್ಲ. ಹಾಡುವವಳ ದನಿ ಕೆಳಗೆ ಹಾಸಿಗೆ ಹಾಸಿದ ಹಾಗೆ ಕೂರ್ತದೆ.

ಅಂಥಾ ಪೇಟಿ ನಮ್ಮ ಸಣ್ಣ ಸಣ್ಣ ಕೇರಿಗಳಿಗೆ ಹ್ಯಾಗೆ ಬಂತು ಕೇಳಿದ್ರೆ, ಮುಂಬೈಯಿಂದ. 1956ರ ತನಕ ನಮ್ಮ ಜಿಲ್ಲೆ ಮುಂಬೈ ಸರಕಾರದ್ದೇ ಅಲ್ಲವಾ? ಕೆಲಸಕ್ಕೆ, ಶಾಲೆಗೆ, ಔಷಧಕ್ಕೆ ಎಲ್ಲ ಅಲ್ಲಿಗೇ. ಕಾರವಾರದಿಂದ ಆಗಬೋಟಿ ಹತ್ತೂದು, ಬರೂವಾಗ ಟ್ರಂಕು, ಸೀರೆ, ಜತೆಗೆ ಒಂದು ಪೇಟಿ. ಮರಾಠಿ ಸಂಗೀತ ನಾಟಕದ ಮರುಳು ಬೇರೆ. ಅತ್ತಿಗೆಯ ಮಾವ ತಂದದ್ದೂ ಹಂಗೇ. ಅವರು ಊರ ನಾಟಕಕ್ಕೆ, ಸಪ್ತಾಹಕ್ಕೆ ರಾತ್ರಿಯಿಡೀ ಬಾರಿಸಿದ ಪೇಟಿ ಅದು. ಕರಿ ಒಂದರ ಪಟ್ಟಿ ಬೆರಳು ತಾಗಿ ತಾಗಿ ಗುಳಿ ಬಿದ್ದಿದೆ.

ಪೇಟಿಗೆ ಮರ್ಯಾದೆ ಎಲ್ಲಾ ಕಾಲಕ್ಕೂ ಇರಲಿಲ್ಲ ಕಾಣಿ. 1940ರಲ್ಲಿ ಆಕಾಶವಾಣಿಯವ್ರು ಪೇಟಿಗೆ ಬಹಿಷ್ಕಾರ ಹಾಕಿದ್ರು, 1971ರ ತನಕ ಅದು ತೆರವಾಗ್ಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರೂಕೆ ಬರೂದಿಲ್ಲ, ನಮ್ಮ ರಾಗದ ಸೂಕ್ಷ್ಮ ಅದಕ್ಕೆ ಸಿಗೂದಿಲ್ಲ ಅಂತ ದೂರು. ನಮ್ಮ ಕಾರವಾರದ ಕಡಲತೀರಕ್ಕೆ ಯಾರ ಹೆಸರಿಟ್ಟಿದ್ದೇವೋ ಆ ರವೀಂದ್ರನಾಥ ಠಾಗೋರರಿಗೂ ಪೇಟಿ ಅಂದ್ರೆ ಆಗ್ತಿರ್ಲಿಲ್ಲ! ದೊಡ್ಡವ್ರು, ಅವರ ಮಾತು ಅವರಿಗೆ. ದೂರು ಪೂರಾ ಸುಳ್ಳೂ ಅಲ್ಲ. ಆದ್ರೆ ಬೆಳಗಾವಿಯ ಆರ್. ಕೆ. ಬಿಜಾಪುರೆಯವರೋ ಗೋವೆಯ ಬೋರಿಯವರಾದ ತುಳಸಿದಾಸ ಬೋರ್ಕರರೋ ಬಾರಿಸಿದ್ದು ಕೇಳಿದ್ರೆ, ಜಾರೂಕೆ ಬಾರದ ವಾದ್ಯವನ್ನು ಜಾರಿದ ಹಾಗೆ ಕೇಳಿಸೂದು ಹ್ಯಾಗೆ ಅಂತ ತಿಳೀತದೆ. ಬೋರ್ಕರರಿಗೆ 2016ರಲ್ಲಿ ಪದ್ಮಶ್ರೀ ಬಂತು. ರೇಡಿಯೋದಿಂದ ಹೊರಗೆ ಹಾಕಿಸಿಕೊಂಡ ಪೇಟಿಗೇ ಬಂದಂಗೆ ಆಯ್ತು ಅಂತ ನಂಗೆ ಖುಷಿ.

"ಹಳೇ ಪೆಟ್ಟಿಗೆಗೆ ಅಷ್ಟು ದುಡ್ಡು ಯಾಕೆ, ಮಳ್ಳಾ ನಿಂಗೆ?" ಅಂತ ನಮ್ಮ ಮನೇಲೂ ಕೇಳಿದ್ರು. ಇದಕ್ಕೆ ಉತ್ರ ಕೊಟ್ಟವ ನನ್ನ ಅಕ್ಕನ ಮಗ. ಬೆಂಗಳೂರಲ್ಲಿ ಕೆಲಸ, ಸಂಜೆಗೆ ಕರೆಂಟ್ ಗಿಟಾರು. ಹಳೇ ಗಿಟಾರಿನ ಸುದ್ದಿ ಎತ್ತಿದ್ರೆ ಅವನಿಗೆ ಊಟ ಬೇಡ. ಅಮೆರಿಕದ ಫೆಂಡರ್ ಕಂಪನಿ ಸ್ಟ್ರಾಟೊಕ್ಯಾಸ್ಟರ್ ಅನ್ನೂ ಗಿಟಾರು ಮಾಡಿದ್ದು 1954ರಲ್ಲಿ. 1965ರಲ್ಲಿ ಆ ಕಂಪನಿಯನ್ನು ದೊಡ್ಡ ಸಿ.ಬಿ.ಎಸ್. ಕಂಪನಿ ಕೊಂಡ್ಕಂತು. ಆ ಮಾರಾಟಕ್ಕೆ ಮೊದ್ಲು ಆದ ಗಿಟಾರಿಗೆ ಇವತ್ತು ಬೇರೇನೇ ಬೆಲೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಅನ್ನೂದು ಇನ್ನೂ ಮಜಾ. 1958ರಿಂದ 1960ರ ತನಕ ಮಾಡಿದ ಕೆಂಪು ಹಳದಿ ಬಣ್ಣದ್ದು ಆಗ ಸರಿಯಾಗಿ ಖರ್ಚೇ ಆಗ್ಲಿಲ್ಲ, ಕಂಪನಿಯವ್ರೇ ಆಕಾರ ಬದಲು ಮಾಡಿದ್ರು. ಈಗ ಅದೇ ಗಿಟಾರಿಗೆ ಲಕ್ಷಗಟ್ಲೆ ಡಾಲರು! ನಾ ಕೇಳಿದೆ, ಅಷ್ಟು ಕೊಟ್ಟು ತಕಂಡವ್ರು ಬಾರಿಸ್ತಾರಾ? "ಕೆಲವ್ರು ಬಾರಿಸ್ತಾರೆ ಚಿಕ್ಕಿ, ಕೆಲವ್ರು ತಿಜೋರಿಯಲ್ಲಿ ಇಡ್ತಾರೆ" ಅಂದ. ತಿಜೋರಿಯಲ್ಲಿ ಗಿಟಾರು! ಚಿನ್ನ ಇಟ್ರೆ ಮದುವೆಗಾದ್ರೂ ಹೊರಗೆ ಬರ್ತದೆ.

ಅವ ಹೇಳಿದ್ದರಲ್ಲಿ ಒಂದು ಮಾತು ನಮ್ಮ ಪೇಟಿಗೂ ಸರೀ ಕೂರ್ತದೆ. ಹಳೇ ಗಿಟಾರು ತಕಳ್ಳುವವ್ರು ಮೇಲಿನ ಹೊಳಪು ನೋಡೂದಿಲ್ಲ. ಸ್ಕ್ರೂ ಬಿಚ್ಚಿ ಒಳಗಿನ ತಂತಿ, ಬೆಸುಗೆ ಮೊದಲಿನದ್ದೇ ಹೌದಾ ನೋಡ್ತಾರೆ. ಹೊಸ ಬಣ್ಣ ಹೊಡೆದಿದ್ರೆ ಬೆಲೆ ಅರ್ಧಕ್ಕೇ ಬೀಳ್ತದಂತೆ. ನಮ್ಮವ್ರೋ, ಪೇಟಿ ಮಾರೂ ಮೊದ್ಲು ಒಳ್ಳೇ ಕಾಣಲಿ ಅಂತ ಫಳಫಳ ಪಾಲಿಷ್ ಹೊಡೆಸ್ತಾರೆ. ಪಾಲಿಷ್ ಹೊಡೆಸ್ಬೇಡಿ ತಾಯೀ. ಬಾಗಿಲ ದಾರಂದಕ್ಕೆ ಹೊಡೆಸಿ.

ಅತ್ತಿಗೆ ಮನೆ ಪೇಟಿ ನೋಡೂಕೆ ಮಂಡಳಿಯಿಂದ ನಾವು ನಾಲ್ಕು ಜನ ಹೋಗಿದ್ವು. ನಮ್ಮ ಮಂಡಳಿಯ ಈಗಿನ ಪೇಟಿ ಉಬ್ಬಸದ ಮುದುಕಿ ಆಗಿದೆ, ಎಲ್ಲರಿಗೂ ಗೊತ್ತಿದ್ದದ್ದೇ. ನೋಡೂ ರೀತಿ ಬರಿತೆ, ನಾಳೆ ನಿಮಗೂ ಬೇಕಾದೀತು. ಮೊದ್ಲು ಎಲ್ಲಾ ಸ್ಟಾಪರು ಒತ್ತಿ ಮುಚ್ಚಬೇಕು. ಭಾತೆಗೆ ಗಾಳಿ ತುಂಬಿಸಿ ಸುಮ್ಮನೆ ಕೂತು ಕಿವಿ ಕೊಡೂದು. ಗಾಳಿ ತುಂಬಾ ಹೊತ್ತು ನಿಂತ್ರೆ ಒಳ್ಳೇದು. ಸುಸ್ ಅಂತ ಕೂಡ್ಲೇ ಇಳಿದ್ರೆ ಚರ್ಮವೋ ಬನಾತೋ ಹೋಗಿದೆ ಅಂತ ಲೆಕ್ಕ. ಅದು ದೊಡ್ಡ ರೋಗ ಅಲ್ಲ, ಬದಲು ಮಾಡೂಕೆ ಬರ್ತದೆ. ಆಮೇಲೆ ಒಂದೊಂದೇ ಪಟ್ಟಿ ಒತ್ತಿ ನಿಧಾನಕ್ಕೆ ಕೇಳೂದು, ಮೊದ್ಲು ಖರ್ಜದ ಸಾಲು ಮಾತ್ರ, ಮತ್ತೆ ನರ ಮಾತ್ರ, ಮತ್ತೆ ಎರಡೂ ಸೇರಿ. ಎರಡೂ ಸೇರಿದಾಗ ದನಿಯಲ್ಲಿ ವಾಂವ್ ವಾಂವ್ ಅಂತ ಅಲೆ ಬಂದ್ರೆ ಒಂದಕ್ಕೊಂದು ಸರಿ ಕೂಡ್ಲಿಲ್ಲ ಅಂತ. ಜುಂಯ್ ಅಂದ್ರೆ ನಾಲಗೆಗೆ ಧೂಳೋ ಕೂದಲೋ ಸಿಕ್ಕಿದೆ.

ಎಲ್ಲಕ್ಕಿಂತ ಮುಖ್ಯ, ಮುಚ್ಚಳ ತೆಗೆಸಿ ನಾಲಗೆ ನೋಡ್ಬೇಕು. ಸ್ವರ ಏರಿಸೂಕೆ ನಾಲಗೆಯ ತುದಿ ಕೆರೀತಾರೆ, ಇಳಿಸೂಕೆ ಬುಡ ಕೆರೀತಾರೆ. ಕೆರೆದದ್ದು ಮತ್ತೆ ಬೆಳೆಯೂದಿಲ್ಲ. ಗೀರು ತುಂಬಾ ಇದ್ರೆ ಆ ರೀಡು ಸಪೂರಾಗಿದೆ, ಒಂದು ದಿನ ಮುರೀತದೆ. ಅತ್ತಿಗೆ ಪೇಟಿಯಲ್ಲಿ ಮೂರು ಪಟ್ಟಿ ಮೂಕ, ಭಾತೆಯ ಒಂದು ಮಡಿಕೆ ಬಿರುಕು, ಬನಾತು ಹುಳ ತಿಂದಿದೆ. ಆದ್ರೆ ನಾಲಗೆಗಳ ಮೇಲೆ ಗೀರು ಹೆಚ್ಚಿಲ್ಲ. ಎರಡೂ ಸಾಲು ಜರ್ಮನ್. ನಮ್ಮ ಸಣ್ಣತ್ತೆ ಕರಿ ನಾಲ್ಕು ಹಿಡಿದು ಒಂದು ಸಾ ಹೇಳಿದ್ದೇ, ಒಳಗೆ ಚಾ ಕಾಸ್ತಿದ್ದ ಅತ್ತಿಗೆ ಹೊರಗೆ ಬಂದು ಕಂಬ ಹಿಡ್ಕಂಡು ನಿಂತ್ರು. ಮಾವ ಹೋದ ಮೇಲೆ ಅದಕ್ಕೆ ಯಾರೂ ಗಾಳಿ ಹಾಕಿರ್ಲಿಲ್ಲ.

ಈಗ ದುಡ್ಡಿನ ಮಾತು. ಗೋವೆ ಗಿರಾಕಿ ಹೇಳಿದ್ದು 40 ಸಾವಿರ. ಮಂಡಳಿಯಲ್ಲಿ ಇರೂದು 24 ಸಾವಿರ. ಮೇಲೆ ರಿಪೇರಿಗೆ 6 ಸಾವಿರ ಹಿಡೀರಿ. ಒಟ್ಟು 22 ಸಾವಿರ ಕಡಿಮೆ ಬೀಳ್ತದೆ. ಮಂಡಳಿಯಲ್ಲಿ ಕೆಲವ್ರು, "ಅವರು ನಮ್ಮವ್ರೇ, ದೇವರ ಕೆಲಸಕ್ಕೆ ಅಂದ್ರೆ 20 ಸಾವಿರಕ್ಕೂ ಕೊಟ್ಟಾರು" ಅಂದ್ರು. ನಂಗೆ ಈ ಮಾತು ಬಿಲ್ಕುಲ್ ಸೇರೂದಿಲ್ಲ. ಅತ್ತಿಗೆ ಒಬ್ಬರೇ ಇರೂದು, ಮಿರಗದ ಮಳೆ ಹಿಡಿಯೂ ಮೊದ್ಲು ಹಂಚು ಇಳಿಸಿ ಪಕಾಸಿ ಬದಲು ಮಾಡಿಸ್ಬೇಕು, ಅದಕ್ಕೇ ಪೇಟಿ ಹೊರಗೆ ತೆಗೆದದ್ದು. ಬಡಗಿ ದೇವರ ಕೆಲಸ ಅಂತ ಕೂಲಿ ಬಿಡ್ತಾನಾ? ಹೆಂಗಸಿನ ಹತ್ರ ಇದ್ದ ವಸ್ತು ಅಂದ್ಕೂಡ್ಲೇ ದೇವರ ಹೆಸರು, ಸಂಬಂಧದ ಹೆಸರು ಹೇಳಿ ಅರ್ಧಕ್ಕೆ ಕೇಳೂದು ನಮಗೆಲ್ಲ ರೂಢಿಯಾಗಿದೆ. 40ಕ್ಕೆ ಗಿರಾಕಿ ಬಾಗಿಲಲ್ಲಿ ನಿಂತಿರೂವಾಗ ಅವರು ಮಾರಿದ್ರೆ ತಪ್ಪು ಅವರದ್ದಲ್ಲ, ಕೊಳ್ಳದೇ ಇದ್ದ ನಮ್ಮದು.

ಇನ್ನು ಕೆಲವ್ರದ್ದು ಕೀಬೋರ್ಡು ತಕಳ್ಳೂವ ಅಂತ. ಅದರಲ್ಲಿ ಕೊಳಲು, ಪಿಟೀಲು ಎಲ್ಲ ಬರ್ತದಂತೆ. ಬರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಎಷ್ಟು ಹೊತ್ತು ಇರ್ತದೆ ಹೇಳಿ ನೋಡ್ವ? ಮತ್ತೆ, ಭಜನೆ ಏರಿದಾಗ ಪೇಟಿಯವಳು ಭಾತೆ ಜೋರು ಒತ್ತಿ ದನಿ ತುಂಬಿಸ್ತಾಳೆ, ನಿಧಾನದ ಪದಕ್ಕೆ ಕೈ ಸಡಿಲ ಬಿಡ್ತಾಳೆ. ಪೇಟಿ ನಮ್ಮ ಜತೆಗೇ ಉಸಿರು ತಕಳ್ತದೆ. ಗುಂಡಿ ಒತ್ತಿದ ಪೆಟ್ಟಿಗೆಗೆ ಆ ಸಂಗತಿ ಎಲ್ಲಿಂದ ಬರ್ಬೇಕು?

"ಹೋಟೆಲಲ್ಲಾದ್ರೂ ಜೋಪಾನ ಇರ್ತದಲ್ಲ" ಅಂದವ್ರೂ ಇದ್ದಾರೆ. ಇರೂದಿಲ್ಲ. ನಮ್ಮ ಕಡಲಗಾಳಿಯಲ್ಲಿ ಬಾರಿಸದೇ ಇಟ್ಟ ಪೇಟಿಯ ಚರ್ಮ ಮೊಂಡಾಗ್ತದೆ, ಹಿತ್ತಾಳೆಗೆ ಕಿಲುಬು ಹಿಡೀತದೆ, ಪಟ್ಟಿ ಉಬ್ಬಿ ಸಿಕ್ಕಿಕೊಳ್ತದೆ. ಹೊರಗೆ ಮಾತ್ರ ಹೊಳೀತಾ ಇರ್ತದೆ. ಕೆಲವ್ರು ಜರ್ಮನ್ ರೀಡು ಬಿಚ್ಚಿ ಹೊಸ ಪೆಟ್ಟಿಗೆಗೆ ಹಾಕೂದೂ ಉಂಟು. ಅದು ನಂಗೆ ಷೋಕೇಸಿನಷ್ಟು ಬೇಜಾರಿಲ್ಲ. ಪೆಟ್ಟಿಗೆ ಹೋದ್ರೂ ಸ್ವರವಾದ್ರೂ ಉಳೀತು.

ಹಾಗಂತ ಹಳೇದೆಲ್ಲ ಜರ್ಮನ್ ಅಂತ ನಂಬ್ಬೇಡಿ. ನಮ್ಮ ಕೇರಿಯಲ್ಲೇ ಒಬ್ಬರ ಅಟ್ಟದಲ್ಲಿದ್ದ ಪೇಟಿ ಒರಲೆ ತಿಂದು ಎತ್ತಿದ್ರೆ ಹುಡಿ ಉದುರ್ತಿತ್ತು, ಅವರೂ "ಪುರಾತನ" ಅಂತ 30 ಸಾವಿರ ಕೇಳ್ತಿದ್ರು. ಮುಖದ ಮೇಲೆ ನಗೂಕೆ ಬರೂದಿಲ್ಲ ಅಂತ ಚಾ ಕುಡಿದು ಬಂದ್ವು. ಬಾರಿಸೂ ಜನ ಮನೇಲಿ ಇಲ್ಲದಿದ್ರೆ ಒಳ್ಳೇ ಹಳೇ ಪೇಟಿಯನ್ನೂ ತಕಳ್ಳಬೇಡಿ. ಮಗ್ಗುಲು ಮನೆ ಹುಡುಗಿ ಕಲೀತಾಳೆ ಅಂತಾದ್ರೆ ಅವಳಿಗೆ ತಗೊಡಿ.

ಮೊಬೈಲಿನ ತಂಬೂರಿಗೆ ನಮ್ಮ ಹಳೇ ಪೇಟಿ ಒಂದು ಕೂದಲು ಹೆಚ್ಚುಕಮ್ಮಿ ಬಂದೀತು. ಆಗಿನ ಕಾಲಕ್ಕೆ ಸ್ವರದ ಎತ್ತರ ಬೇರೆ ಇಟ್ಟಿದ್ದೂ ಉಂಟು. ಅದಕ್ಕೋಸ್ಕರ ಎಲ್ಲಾ ನಾಲಗೆ ಕೆರೆಸೂದು ಬೇಡ. ನಾವು ಹಾಡೂದು ಪೇಟಿ ಮತ್ತು ತಾಳದ ಜತೆ, ಮೊಬೈಲಿನ ಜತೆ ಅಲ್ಲ. ನಮ್ಮ ಗಂಟಲೇ ಅದಕ್ಕೆ ಹೊಂದ್ಕಂಬಹುದು. ಮಳೆಗಾಲಕ್ಕೆ ನೆಲದ ಮೇಲೆ ಇಡದೆ ಮಣೆ ಮೇಲೆ ಇಡೂದು, ಹತ್ತಿ ಬಟ್ಟೆ ಸುತ್ತೂದು, ಪ್ಲಾಸ್ಟಿಕ್ ಬೇಡ, ಒಳಗೆ ಬೆವರು ಕಟ್ತದೆ. ಬಿಸಿಲಿಗೂ ಇಡಬಾರದು, ಅದೇನು ಹಪ್ಪಳ ಅಲ್ಲ. ದಿನಾ ಹತ್ತು ನಿಮಿಷ ಯಾರಾದ್ರೂ ಗಾಳಿ ಹಾಕಿದ್ರೆ ಅದಕ್ಕಿಂತ ದೊಡ್ಡ ಔಷಧ ಇಲ್ಲ.

ಮಂಡಳಿಯಲ್ಲಿ ನಾವು 20 ಜನ. ತಲಾ 1,100 ರೂಪಾಯಿ ಆದ್ರೆ 22 ಸಾವಿರ ಮುಗೀತು. ಒಂದೇ ಸಲ ಕೊಡೂಕೆ ಕಷ್ಟ ಇದ್ದವ್ರು ಮೂರು ತಿಂಗಳಲ್ಲಿ ಕೊಡಿ, ಅವರ ಪಾಲು ಸದ್ಯಕ್ಕೆ ನಾನು ಮತ್ತು ಸಣ್ಣತ್ತೆ ಹಾಕ್ತೇವೆ, ಚೀಟಿ ಬರೆದಿಡ್ವ. ಯಾಕಂದ್ರೆ ಅತ್ತಿಗೆಗೆ ಪೂರಾ 40 ಸಾವಿರ ಮಳೆಗೆ ಮೊದ್ಲೇ ಸೇರ್ಬೇಕು. ರಿಪೇರಿಯವ ಬೆಳಗಾವಿ ಬದಿಯಿಂದ ಬರುವವ, ಅವನ ದುಡ್ಡು ಆಮೇಲಾದ್ರೂ ನಡೀತದೆ. ಮಂಗಳವಾರ ನಾಲ್ಕು ಗಂಟೆಗೆ ನಮ್ಮನೆ ಜಗಲಿಯಲ್ಲಿ ಸೇರೂದು. ಬೇಡ ಅನ್ನುವವ್ರೂ ಬನ್ನಿ, ಎದುರಿಗೆ ಹೇಳಿ. ಹೌದು ಅನ್ನುವವ್ರು ಬರೂವಾಗ ಒಂದೊಂದು ಹಳೇ ಹತ್ತಿ ಸೀರೆ ತನ್ನಿ, ಕಾರವಾರದಿಂದ ಪೇಟಿ ತರೂವಾಗ ಟೆಂಪೋದಲ್ಲಿ ಸುತ್ತೂಕೆ ಬೇಕು.